ಹೋಂವರ್ಕ್ ಪೂರ್ತಿ ಸರಿ, ಟೆಸ್ಟಲ್ಲಿ ಮಾತ್ರ 6 ಮಾರ್ಕ್ಸ್

ಪ್ರಶ್ನೆ: ಸರ್, ನನ್ನ ಮಗ ಎಸ್ಸೆಸ್ಸೆಲ್ಸಿ, ಕನ್ನಡ ಮೀಡಿಯಂ. ಟ್ಯೂಷನ್ ಬಿಟ್ಟು ಈಗ ಮೊಬೈಲಲ್ಲಿ ಎಐ ಚಾಟ್‌ಬಾಟ್ ಕೇಳ್ಕೊಂಡೇ ಗಣಿತ, ವಿಜ್ಞಾನ ಓದ್ತಾನೆ. ಹೋಂವರ್ಕಲ್ಲಿ ಒಂದೂ ತಪ್ಪಿರಲ್ಲ, ಆದ್ರೆ ಗಣಿತದ ಟೆಸ್ಟಲ್ಲಿ 20ಕ್ಕೆ 6 ಬಂತು. ಫೋನ್ ಕಿತ್ತಿಟ್ಬಿಡ್ಲಾ?
- ಒಬ್ಬ ತಾಯಿ, ತಿಪಟೂರು

ಉತ್ತರ: ಕಿತ್ತಿಡ್ಬೇಡಿ ತಾಯಿ, ಅವನು ಕೇಳೋ ರೀತಿ ಬದಲಾಗ್ಬೇಕು. ಟರ್ಕಿಲಿ ಹೆಚ್ಚುಕಮ್ಮಿ ಸಾವಿರ ಹೈಸ್ಕೂಲ್ ಮಕ್ಕಳಿಗೆ ಗಣಿತದಲ್ಲಿ ಇದನ್ನೇ ಮಾಡಿ ನೋಡಿದಾರೆ, ಕೇಳಿದ್ ತಕ್ಷಣ ಉತ್ತರ ಕೊಡೋ ಚಾಟ್‌ಬಾಟ್ ಸಿಕ್ಕಿದ ಮಕ್ಕಳು ಪ್ರಾಕ್ಟೀಸಲ್ಲಿ 48 ಪರ್ಸೆಂಟ್ ಚೆನ್ನಾಗಿ ಮಾಡಿದ್ರು, ಆಮೇಲೆ ಅದಿಲ್ದೆ ಪರೀಕ್ಷೆ ಬರೆಸಿದ್ರೆ ಅದನ್ನ ಮುಟ್ಟೇ ಇಲ್ಲದ ಮಕ್ಕಳಿಗಿಂತ 17 ಪರ್ಸೆಂಟ್ ಹಿಂದೆ ಬಿದ್ರು. ಇನ್ನೊಂದು ಗುಂಪಿಗೆ ಉತ್ತರ ಹೇಳ್ದೆ ಸುಳಿವು ಮಾತ್ರ ಕೊಡೋ ಚಾಟ್‌ಬಾಟ್ ಇತ್ತು, ಅವರಿಗೆ ಆ ಪೆಟ್ಟು ಬೀಳ್ಲಿಲ್ಲ.

ಹತ್ತನೇ ಕ್ಲಾಸಿನ ರೈಲು ಲೆಕ್ಕಾನೇ ತಗೊಳ್ಳಿ. ದೂರ 360 ಕಿ.ಮೀ., ವೇಗ ಗಂಟೆಗೆ 5 ಕಿ.ಮೀ. ಜಾಸ್ತಿ ಇದ್ದಿದ್ರೆ ರೈಲು ಒಂದು ಗಂಟೆ ಮುಂಚೆ ತಲುಪ್ತಿತ್ತು, ಹಾಗಾದ್ರೆ ವೇಗ ಎಷ್ಟು? ಚಾಟ್‌ಬಾಟ್ ಕಣ್ಮುಚ್ಚಿ ತೆಗೆಯೋದ್ರೊಳಗೆ 40 ಅಂತ ಬಿಡಿಸಿ ಕೊಡುತ್ತೆ. ಆದ್ರೆ ಈ ಲೆಕ್ಕದ ಜೀವ ಇರೋದೇ ಎರಡು ಸಮಯದ ವ್ಯತ್ಯಾಸ 1 ಅಂತ ಹೊಳೆದು ಅದನ್ನ ಸಮೀಕರಣ ಮಾಡೋದ್ರಲ್ಲಿ, ಆ ಕೆಲಸಾನೂ ಫೋನೇ ಮಾಡ್ಬಿಟ್ರೆ ಹುಡುಗ ನೋಟ್ಸಿಗೆ ಇಳಿಸ್ಕೊಳ್ತಾನೆ, ಟೆಸ್ಟಲ್ಲಿ ಕೈ ಓಡಲ್ಲ.

ಹಾಗಾಗಿ ಮೊದಲು ಹತ್ತು ನಿಮಿಷ ಪೇಪರ್ ಮೇಲೆ ತಾನೇ ಒದ್ದಾಡ್ಲಿ. ಎಲ್ಲಿ ಸಿಕ್ಕಾಕ್ಕೊಂಡ ಅಲ್ಲಿವರೆಗಿನದನ್ನ ಟೈಪ್ ಮಾಡಿ, "ಉತ್ತರ ಹೇಳ್ಬೇಡ, ಮುಂದಿನ ಸ್ಟೆಪ್ ನನಗೇ ಹೊಳೆಯೋ ಥರ ಒಂದು ಪ್ರಶ್ನೆ ಕೇಳು" ಅಂತ ಹೇಳ್ಲಿ. ಕನ್ನಡದಲ್ಲೇ ಕೇಳಬಹುದು. ವಿಜ್ಞಾನದಲ್ಲಿ ಮಾತ್ರ ಪಠ್ಯಪುಸ್ತಕ ಪಕ್ಕದಲ್ಲೇ ಇರ್ಲಿ, ಪೀನ ಮಸೂರ ಕೇಳಿದ್ರೆ ನಿಮ್ನ ಮಸೂರದ್ದು ವಿವರಿಸಿದ್ದನ್ನ ನಾನೇ ನೋಡಿದೀನಿ, ಅದೂ ಒಂಚೂರು ಅನುಮಾನ ಇಲ್ಲದ ಧಾಟಿಲಿ!

ನೀವೂ ಒಂದು ಕೆಲಸ ಮಾಡಿ. ಫೋನ್ ನಿಮ್ಮ ಹತ್ರ ಇಟ್ಕೊಂಡು ಅದೇ ಲೆಕ್ಕ ಅಂಕಿ ಬದಲಿಸಿ ಕೊಡಿ: 300 ಕಿ.ಮೀ., ವೇಗ 10 ಜಾಸ್ತಿ, ಒಂದು ಗಂಟೆ ಮುಂಚೆ. 50 ಬರ್ಬೇಕು. ಜೊತೆಗೆ -60 ಕೂಡ ಬರುತ್ತಲ್ಲ, ಅದನ್ನ ಯಾಕೆ ಬಿಟ್ಟೆ ಅಂತ ಕೇಳಿ, ನಿಮಗೆ ಅರ್ಥ ಆಗೋ ಹಾಗೆ ಹೇಳ್ಲಿ. ಮುಂದಿನ ಟೆಸ್ಟಲ್ಲಿ ಎಷ್ಟು ಬಂತು ಅಂತ ಖಂಡಿತ ಬರೀರಿ ತಾಯಿ, ಕಾಯ್ತಿರ್ತೀನಿ.