ಶೆಟ್ಟರ ಕಣ್ಣು, ಅಳಿಯನ ಕಂಪ್ಯೂಟರ್

ಸಂಪಾದಕರ ಉತ್ತರ

ಡೊಂಬಿವಲಿಯ ಶೆಟ್ಟರು ಬರೆದ ಪತ್ರದ ಸಾರಾಂಶ ಇಷ್ಟು. ಪರೇಲಿನಲ್ಲಿ ಹೋಟೆಲು ನಡೆಸುತ್ತಿದ್ದ ಕಾಲದಿಂದ ಭಾನುವಾರ ಮಹಾಲಕ್ಷ್ಮಿ ರೇಸ್‌ಕೋರ್ಸಿಗೆ ಹೋಗುವುದು ಅವರ ರೂಢಿ. ರೇಸಿಗೆ ಮೊದಲು ಕುದುರೆಗಳನ್ನು ನಡೆಸಿ ತೋರಿಸುವ ಅಂಗಳವಾದ ಪ್ಯಾಡಕ್‌ನಲ್ಲಿ ಕುದುರೆಯನ್ನು ಕಣ್ಣಾರೆ ನೋಡದೆ ಟಿಕೆಟ್ ತೆಗೆದವರಲ್ಲ. ಪುಣೆಯ ಹಿಂಜೆವಾಡಿಯಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಅವರ ಅಕ್ಕನ ಮಗ ಮುಂಬಯಿ, ಪುಣೆ ರೇಸುಗಳ ಹಳೆಯ ಫಲಿತಾಂಶಗಳನ್ನೆಲ್ಲ ಒಟ್ಟುಹಾಕಿ ಒಂದು ಪ್ರೋಗ್ರಾಂ ಬರೆದಿದ್ದಾನೆ. ಹತ್ತು ರೇಸಿನಲ್ಲಿ ನಾಲ್ಕರಲ್ಲಿ ಗೆಲ್ಲುವ ಕುದುರೆಯನ್ನು ಅದು ಸರಿಯಾಗಿ ಹೇಳುತ್ತದಂತೆ. "ಮಾವ, ಕಣ್ಣಲ್ಲಿ ನೋಡಿ ಹಾಕುವ ಕಾಲ ಮುಗಿಯಿತು, ಹೋಟೆಲು ಮಾರಿದ ದುಡ್ಡಿನಲ್ಲಿ ಐದು ಲಕ್ಷ ಕೊಡಿ" ಎಂದು ಕೇಳುತ್ತಿದ್ದಾನೆ. ಶೆಟ್ಟರ ಪ್ರಶ್ನೆ ಎರಡು: ಕುದುರೆಯನ್ನು ಓದುವ ವಿದ್ಯೆ ನಿಜವಾಗಿಯೂ ಮುಗಿಯಿತೇ? ದುಡ್ಡು ಕೊಡಲೇ?

ಶೆಟ್ಟರೇ, ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ. ಕೊಡಬೇಡಿ. ಅಳಿಯ ಮೋಸ ಮಾಡುತ್ತಾನೆಂದು ನಾನು ಹೇಳುತ್ತಿಲ್ಲ, ಹುಡುಗ ಜಾಣನೇ ಇರಬೇಕು. ಆದರೆ ಅವನು ತನ್ನ ಪ್ರೋಗ್ರಾಮಿಗೆ ಕೇಳಿದ ಪ್ರಶ್ನೆಯೇ ಸರಿಯಿಲ್ಲ. ನೀವು ಇಷ್ಟು ವರ್ಷ ಪ್ಯಾಡಕ್ ಕಟಕಟೆಗೆ ಒರಗಿ ನಿಂತು ಕೇಳಿಕೊಂಡದ್ದೂ ಅದೇ ಪ್ರಶ್ನೆ: ಯಾವ ಕುದುರೆ ಗೆಲ್ಲುತ್ತದೆ?

ಹತ್ತಕ್ಕೆ ನಾಲ್ಕು ಎನ್ನುವುದು ಕೇಳಲು ಚೆನ್ನ. ಆದರೆ ಜಗತ್ತಿನ ಬಹುತೇಕ ಟ್ರ್ಯಾಕ್‌ಗಳಲ್ಲಿ ಕಣ್ಣುಮುಚ್ಚಿ ಫೇವರಿಟ್ ಮೇಲೆ, ಅಂದರೆ ಎಲ್ಲಕ್ಕಿಂತ ಹೆಚ್ಚು ದುಡ್ಡು ಬಿದ್ದಿರುವ ಕುದುರೆಯ ಮೇಲೆ, ಹಾಕುತ್ತ ಹೋದರೂ ಸರಿಸುಮಾರು ಮೂರರಲ್ಲೊಂದು ರೇಸು ಗೆಲ್ಲಬಹುದು. ಆರೇಳೇ ಕುದುರೆ ಓಡುವ ರೇಸಿನಲ್ಲಿ ಅದಕ್ಕಿಂತ ಹೆಚ್ಚು. ಹಾಗೆ ಹಾಕಿ ಉದ್ಧಾರವಾದವರಿಲ್ಲ, ಏಕೆಂದರೆ ಫೇವರಿಟ್ ಗೆದ್ದಾಗ ಕೈಗೆ ಬರುವುದು ಕಡಿಮೆ. ಒಂದು ಕುದುರೆ ಗೆಲ್ಲುವ ಸಾಧ್ಯತೆ ನಾಲ್ಕರಲ್ಲಿ ಒಂದು ಎನ್ನೋಣ. ಗೆದ್ದರೆ ಎಷ್ಟು ಸಿಗುತ್ತದೆಂದು ತೋರಿಸುವ ಬೋರ್ಡು ಹಾಕಿದ ನೂರಕ್ಕೆ ಐನೂರು ಕೊಡುವುದಾದರೆ ಆ ಬೆಟ್ ಒಳ್ಳೆಯದು, ಕುದುರೆ ಅಂದು ಸೋತರೂ ಒಳ್ಳೆಯದೇ. ಮುನ್ನೂರು ಮಾತ್ರ ಕೊಡುವುದಾದರೆ ಅದು ಕೆಟ್ಟ ಬೆಟ್, ಕುದುರೆ ಗೆದ್ದು ನೀವು ಶಿಳ್ಳೆ ಹೊಡೆದರೂ ಕೆಟ್ಟದ್ದೇ. ಅಳಿಯನ ಪ್ರೋಗ್ರಾಂ ಆ ನಾಲ್ಕು ಕುದುರೆಗಳನ್ನು ಯಾವ ಬೆಲೆಗೆ, ಎಂದರೆ ಬೋರ್ಡು ನೂರಕ್ಕೆ ಎಷ್ಟು ಕೊಡುತ್ತಿದ್ದಾಗ, ಹಿಡಿಯಿತು ಎಂಬುದು ನಿಮ್ಮ ಪತ್ರದಲ್ಲಿ ಎಲ್ಲೂ ಇಲ್ಲ. ಇನ್ನೊಂದನ್ನೂ ಕೇಳಿ ನೋಡಿ: ಪ್ರೋಗ್ರಾಂ ಯಾವ ರೇಸುಗಳಿಂದ ಕಲಿತಿದೆಯೋ ಅವೇ ರೇಸುಗಳ ಮೇಲೆ ಅದನ್ನು ಪರೀಕ್ಷೆ ಮಾಡಿದ್ದಾನೆಯೇ? ಹಾಗಿದ್ದರೆ ಉತ್ತರಪತ್ರಿಕೆ ಎದುರಿಗಿಟ್ಟುಕೊಂಡು ಬರೆದ ಅಂಕ ಅದು.

ಕ್ಲಬ್ಬೇ ನಡೆಸುವ ಬೆಟ್ಟಿಂಗಾದ ಟೋಟ್‌ನಲ್ಲಿ ನಮ್ಮ ಎದುರಾಳಿ ಕುದುರೆಯಲ್ಲ, ಪಕ್ಕದ ಕಿಟಕಿಯಲ್ಲಿ ಟಿಕೆಟ್ ತೆಗೆಯುತ್ತಿರುವ ಜನ. ಎಲ್ಲರ ದುಡ್ಡೂ ಒಂದೇ ಪೂಲಿಗೆ ಬೀಳುತ್ತದೆ, ಕ್ಲಬ್ಬು ತನ್ನ ಪಾಲು ತೆಗೆದುಕೊಳ್ಳುತ್ತದೆ, ಉಳಿದದ್ದು ಗೆದ್ದ ಟಿಕೆಟ್‌ಗಳಿಗೆ ಹಂಚಿಕೆಯಾಗುತ್ತದೆ. 1860ರ ದಶಕದಲ್ಲಿ ಪ್ಯಾರಿಸಿನ ಜೋಸೆಫ್ ಓಲೆರ್ ಹುಟ್ಟುಹಾಕಿದ ಪದ್ಧತಿ ಇದು. ಅದರ ಲೆಕ್ಕವನ್ನು ಯಂತ್ರಕ್ಕೆ ಒಪ್ಪಿಸಿದವರು ಜಾರ್ಜ್ ಜೂಲಿಯಸ್. 1913ರಲ್ಲಿ ನ್ಯೂಜಿಲೆಂಡಿನ ಆಕ್ಲೆಂಡ್‌ನಲ್ಲಿ, ಹಲ್ಲುಚಕ್ರ, ತಂತಿ, ತೂಕಗಳಿಂದ ನಡೆಯುವ ದೊಡ್ಡದೊಂದು ಯಂತ್ರವನ್ನು ಅವರು ನಿಲ್ಲಿಸಿದರು. ಆದ್ದರಿಂದ ಯಂತ್ರ ರೇಸ್‌ಕೋರ್ಸಿಗೆ ನಿಮ್ಮ ಅಳಿಯನ ಜೊತೆ ಬಂದದ್ದಲ್ಲ, ನೂರು ವರ್ಷಕ್ಕೂ ಮೊದಲೇ ಬಂದಿದೆ.

ಇನ್ನು ಕಣ್ಣಿನ ವಿಷಯ. ಅದನ್ನು ನಾನು ಹಗುರವಾಗಿ ಮಾತಾಡಲಾರೆ. ಕಂಬಳದ ಗದ್ದೆಯ ಬದಿಯಲ್ಲಿ ಕೋಣ ಇಳಿಯುವ ರೀತಿ ನೋಡಿಯೇ ಇಂದು ಇದು ಓಡುತ್ತದೆ, ಇದು ಓಡದು ಎನ್ನುವ ಹಿರಿಯರನ್ನು ನೀವೂ ನಾನೂ ಊರಲ್ಲಿ ಕಂಡವರು. ಮಹಾಲಕ್ಷ್ಮಿಯ ಪ್ಯಾಡಕ್‌ನಲ್ಲಿ ನಡೆಯುವುದೂ ಅದೇ. ಹಿಂಗಾಲಿನ ಗೊರಸು ಮುಂಗಾಲಿನ ಗುರುತನ್ನು ದಾಟಿ ಬೀಳುತ್ತದೆಯೇ, ಅಲ್ಲ ಅದರ ಹಿಂದೆಯೇ ಉಳಿಯುತ್ತದೆಯೇ? ಪಕ್ಕೆಯ ಕೂದಲು ಮಿರುಗುತ್ತಿದೆಯೇ, ಸತ್ವವಿಲ್ಲದೆ ಎದ್ದು ನಿಂತಿದೆಯೇ? ತೊಡೆಗಳ ನಡುವೆ ನೊರೆ ಬೆವರು ಬಂದಿದ್ದರೆ ರೇಸಿಗೆ ಮೊದಲೇ ಅರ್ಧ ಶಕ್ತಿ ಸೋರಿಹೋಗಿರಬಹುದು. ಕುದುರೆ ನೋಡಿಕೊಳ್ಳುವ ಸೈಸ್ ಒಂದು ಕೈಯಲ್ಲಿ ಹಗ್ಗ ಸಡಿಲ ಬಿಟ್ಟು ನಡೆಯುತ್ತಿದ್ದಾನೋ, ಎರಡೂ ಕೈಯಲ್ಲಿ ಜಗ್ಗಿ ಹಿಡಿದು ಕುದುರೆಯ ಹೆಗಲಿಗೆ ತನ್ನ ಹೆಗಲು ಕೊಟ್ಟಿದ್ದಾನೋ ಎಂಬುದೂ ಒಂದು ಮಾಹಿತಿ. ಫಲಿತಾಂಶದ ಪುಸ್ತಕದಲ್ಲಿ ಇದ್ಯಾವುದೂ ಇರುವುದಿಲ್ಲ. ಅಳಿಯನ ಪ್ರೋಗ್ರಾಮಿಗೆ ಗೊತ್ತಿರುವುದು ಕುದುರೆ ಮೂರು ವಾರದ ಹಿಂದೆ ಏನಾಗಿತ್ತು ಎಂದು. ನಿಮಗೆ ಗೊತ್ತಾಗುವುದು ಅದು ಈಗ, ರೇಸಿಗೆ ಕಾಲುಗಂಟೆ ಇರುವಾಗ, ಏನಾಗಿದೆ ಎಂದು.

ಪುಣೆ ಸೀಸನ್ನಿನಲ್ಲಿ ಇದು ಇನ್ನೂ ನಿಜ. ಜುಲೈ, ಆಗಸ್ಟ್‌ನ ಮಳೆಯಲ್ಲಿ ಅಲ್ಲಿನ ಹುಲ್ಲಿನ ಟ್ರ್ಯಾಕು ಎಷ್ಟು ಮೆತ್ತಗಿದೆ ಎಂದು ಪೆನೆಟ್ರೋಮೀಟರ್ ಒತ್ತಿ ನೋಡಿ ಅಂಕಿ ಕೊಡುತ್ತಾರೆ. ಆ ಅಂಕಿಯನ್ನು ಕಂಪ್ಯೂಟರು ತೆಗೆದುಕೊಂಡೀತು. ಎರಡನೆಯ ರೇಸಿಗೂ ಐದನೆಯ ರೇಸಿಗೂ ನಡುವೆ ಒಂದು ಜಡಿಮಳೆ ಹೊಡೆದರೆ ಯಾವ ಕುದುರೆಯ ಕಾಲು ಕೆಸರಿಗೆ ಹೆದರುತ್ತದೆ ಎಂದು ನೋಡಬೇಕಾದದ್ದು ಕಣ್ಣೇ.

ಆದರೂ ಕಣ್ಣಿಗೊಂದು ದೊಡ್ಡ ಕೊರತೆ ಉಂಟು, ಶೆಟ್ಟರೇ. ಅದು ಲೆಕ್ಕ ಇಡುವುದಿಲ್ಲ. ಗೆದ್ದ ಟಿಕೆಟ್ಟು ಇಪ್ಪತ್ತು ವರ್ಷ ನೆನಪಿರುತ್ತದೆ, ಸೋತವು ದಾದರ್ ತಲಪುವ ಮೊದಲೇ ಮರೆತುಹೋಗುತ್ತವೆ. ಯಾರೋ ಕಿವಿಯಲ್ಲಿ ಟಿಪ್ಸ್ ಊದಿದ ಮೇಲೆ ಅದೇ ಕುದುರೆಯ ಮೈ ಹೆಚ್ಚು ಮಿರುಗುವಂತೆ ಕಾಣುತ್ತದೆ.

ಈಗ ಹಾಂಗ್‌ಕಾಂಗಿನ ಕಥೆ ಹೇಳಬೇಕು, ಏಕೆಂದರೆ ಅಳಿಯನ ತಲೆಯಲ್ಲಿ ಇರುವುದು ಬಹುಶಃ ಅದೇ. ಬಿಲ್ ಬೆಂಟರ್ ಎಂಬ ಅಮೆರಿಕನ್, ಲಾಸ್ ವೇಗಸ್‌ನಲ್ಲಿ ಇಸ್ಪೀಟಿನ ಎಲೆ ಎಣಿಸಿ ಆಡುತ್ತಿದ್ದವರು, ಕ್ಯಾಸಿನೋಗಳು ಅವರಿಗೆ ಬಾಗಿಲು ಹಾಕಿದ ಮೇಲೆ 1980ರ ದಶಕದ ನಡುವೆ, ಅಂಥದೇ ಆಟಗಾರ ಅಲನ್ ವುಡ್ಸ್ ಜೊತೆ, ಕಂಪ್ಯೂಟರ್ ಲೆಕ್ಕದಿಂದ ಕುದುರೆ ರೇಸು ಆಡಲು ಹಾಂಗ್‌ಕಾಂಗಿಗೆ ಹೋದರು. 1986ರಲ್ಲಿ ರುತ್ ಬೋಲ್ಟನ್ ಮತ್ತು ರಾಂಡಲ್ ಚಾಪ್‌ಮನ್ ಕುದುರೆ ರೇಸಿನ ಬಗ್ಗೆ ಪ್ರಕಟಿಸಿದ ಸಂಖ್ಯಾಶಾಸ್ತ್ರದ ಪ್ರಬಂಧವೊಂದು ಅವರಿಗೆ ದಾರಿಯಾಯಿತು. ಮೊದಮೊದಲು ದುಡ್ಡು ಹೋಯಿತು. ಆಮೇಲೆ ಬಂದ ಹಣ ಕೋಟಿಗಟ್ಟಲೆ. ಏನು ಮಾಡಿದೆ ಎಂದು 1994ರಲ್ಲಿ ಅವರೇ ಪ್ರಬಂಧ ಬರೆದು ಹೇಳಿದರು. ಅದರಲ್ಲಿ ನನಗೆ ಮುಖ್ಯವೆನಿಸಿದ ಸಂಗತಿಯನ್ನು ನಿಮ್ಮ ಅಳಿಯ ಗಮನಿಸಿದ್ದಾನೋ ಇಲ್ಲವೋ: ಕಂಪ್ಯೂಟರು ತಾನಾಗಿ ಹಾಕಿದ ಲೆಕ್ಕ ಸಾಲಲಿಲ್ಲ. ಜನ ತಮ್ಮ ದುಡ್ಡಿನಿಂದ ಬೋರ್ಡಿನ ಮೇಲೆ ಬರೆದ ಬೆಲೆಯನ್ನು, ಅಂದರೆ ಆಡ್ಸ್ ಅನ್ನು, ಅದರೊಳಗೆ ಬೆರೆಸಿದ ಮೇಲೆಯೇ ಲೆಕ್ಕ ಗಟ್ಟಿಯಾಯಿತು. ಏಕೆ? ಬೆವರು ಕಂಡವರು, ಬೆಳಗಿನ ಜಾವ ಕುದುರೆಗಳ ಅಭ್ಯಾಸದ ಓಟ ನೋಡಿದವರು, ಲಾಯದ ಸುದ್ದಿ ತಿಳಿದವರು ಎಲ್ಲರೂ ಆ ಆಡ್ಸ್‌ನಲ್ಲಿ ತಮ್ಮ ಅರಿವನ್ನು ಸೇರಿಸಿರುತ್ತಾರೆ. ಜಗತ್ತಿನ ಅತಿ ಯಶಸ್ವಿ ರೇಸ್ ಪ್ರೋಗ್ರಾಮುಗಳಲ್ಲಿ ಒಂದರ ಹೊಟ್ಟೆಯಲ್ಲಿ ನಿಮ್ಮಂಥ ಸಾವಿರಾರು ಜನರ ಕಣ್ಣು ಇತ್ತು. ವಿದ್ಯೆ ಮುಗಿಯಿತೇ ಎಂಬ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇದೇ.

ಹಾಗಾದರೆ ಹಾಂಗ್‌ಕಾಂಗಿನಲ್ಲಿ ಆದದ್ದು ಮಹಾಲಕ್ಷ್ಮಿಯಲ್ಲಿ ಏಕೆ ಆಗದು? ಅಲ್ಲಿ ಸುಮಾರು ಸಾವಿರ ಕುದುರೆಗಳ ಒಂದೇ ಗುಂಪು, ಶಾ ಟಿನ್ ಮತ್ತು ಹ್ಯಾಪಿ ವ್ಯಾಲಿ ಎಂಬ ಎರಡೇ ಟ್ರ್ಯಾಕು, ಅವವೇ ಕುದುರೆಗಳು ಮತ್ತೆ ಮತ್ತೆ ಎದುರುಬದುರು. ಪೂಲ್ ಅಂತೂ ಸಮುದ್ರ. ನಮ್ಮಲ್ಲಿ ಕುದುರೆ ಮುಂಬಯಿಯಲ್ಲಿ ಚಳಿಗಾಲ, ಪುಣೆಯಲ್ಲಿ ಮಳೆಗಾಲ ಕಳೆಯುತ್ತದೆ. ದೊಡ್ಡ ರೇಸಿಗೆ ಬೆಂಗಳೂರು, ಹೈದರಾಬಾದಿನವೂ ಬರುತ್ತವೆ. ಒಂದರ ಟೈಮಿಂಗನ್ನು ಇನ್ನೊಂದರ ಜೊತೆ ಹೋಲಿಸುವುದೇ ಕಷ್ಟ. ಸಾಲದ್ದಕ್ಕೆ ಗೆದ್ದ ಕುದುರೆಯ ರೇಟಿಂಗ್ ಏರಿಸಿ, ಮುಂದಿನ ಸಲ ಅದರ ಜೀನಿಗೆ ಸೀಸದ ಭಾರ ಕಟ್ಟಿಸಿ, ಎಲ್ಲ ಕುದುರೆಗಳೂ ಒಂದೇ ಗೆರೆಗೆ ಬಂದು ನಿಲ್ಲುವಂತೆ ಮಾಡುವುದೇ ಕ್ಲಬ್ಬಿನ ಹ್ಯಾಂಡಿಕ್ಯಾಪರ್ ಕೆಲಸ. ಮತ್ತೆ ಪೂಲ್ ಚಿಕ್ಕದಿದ್ದಲ್ಲಿ ದೊಡ್ಡ ಮೊತ್ತ ಹಾಕಿದರೆ ನಿಮ್ಮ ದುಡ್ಡೇ ನಿಮ್ಮ ಡಿವಿಡೆಂಡನ್ನು, ಎಂದರೆ ಗೆದ್ದ ಟಿಕೆಟ್ಟಿಗೆ ಸಿಗುವ ಹಣವನ್ನು, ಕೆಳಗಿಳಿಸುತ್ತದೆ. ಅಳಿಯ ಹೇಳುವ ಐದು ಲಕ್ಷ ಇಲ್ಲಿಯೇ ಸಿಕ್ಕಿಬೀಳುವುದು.

ಎಲ್ಲಕ್ಕಿಂತ ಭಾರವಾದದ್ದು ತೆರಿಗೆ. ಕುದುರೆ ರೇಸು ಕೌಶಲದ ಆಟವೆಂದು ಸುಪ್ರೀಂ ಕೋರ್ಟು 1996ರಲ್ಲೇ, ಮದರಾಸು ರೇಸ್ ಕ್ಲಬ್ಬಿನ ಪ್ರಕರಣದಲ್ಲಿ, ಒಪ್ಪಿಕೊಂಡಿದೆ. ಆದರೆ ತೆರಿಗೆ ಕೌಶಲವನ್ನು ಕೇಳುವುದಿಲ್ಲ. ಬೆಟ್‌ನ ಪೂರ್ತಿ ಮೊತ್ತದ ಮೇಲೆ ಶೇ. 28 ಇದ್ದ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 40 ಆಗಿದೆ. ನೂರು ರೂಪಾಯಿ ಬೆಟ್‌ಗೆ ನಿಮ್ಮ ಜೇಬಿನಿಂದ ಹೋಗುವುದು ನೂರನಲವತ್ತು. ಮೇಲೆ ಹೇಳಿದ ನಾಲ್ಕರಲ್ಲೊಂದರ ಕುದುರೆಯನ್ನೇ ನೋಡಿ. ಅಸಲು ಹುಟ್ಟಬೇಕಾದರೂ ಬೋರ್ಡು ಐನೂರ ಅರುವತ್ತು ಕೊಡಬೇಕು. ಅದರ ಮೇಲೆ ರೇಸಿನ ಗೆಲುವಿಗೆ ಶೇ. 30ರ ಆದಾಯ ತೆರಿಗೆ, ಸೋತದ್ದನ್ನು ಗೆದ್ದದ್ದರಿಂದ ಕಳೆಯಲು ಅವಕಾಶವಿಲ್ಲ. ಪ್ರೋಗ್ರಾಂ ಬರೆದವರ ದಾರಿ ಹೆಚ್ಚಾಗಿ ಹತ್ತು ಸಲ ಸಣ್ಣದಾಗಿ ಸೋತು ಒಂದು ಸಲ ದೊಡ್ಡದಾಗಿ ಗೆಲ್ಲುವುದು. ಆ ಹತ್ತು ಸೋಲಿಗೆ ಲೆಕ್ಕದಲ್ಲಿ ಜಾಗವೇ ಇಲ್ಲವೆಂದ ಮೇಲೆ ಬೆಂಟರ್ ಅವರೇ ಬಂದರೂ ಇಲ್ಲಿ ಏನು ಮಾಡಿಯಾರು?

ತೆರಿಗೆ ಇಲ್ಲದ ಹೊರಗಿನ ಬುಕ್ಕಿ ಇದ್ದಾನಲ್ಲ ಎಂದು ಅಳಿಯ ಹೇಳಿಯಾನು. ಅಲ್ಲಿಗೆ ಮಾತ್ರ ಹೋಗಬೇಡಿ. 1887ರ ಮುಂಬಯಿ ಜೂಜು ಕಾಯ್ದೆ ಜೂಜೆಂದು ಎಣಿಸದೆ ಬಿಟ್ಟಿರುವುದು ಲೈಸೆನ್ಸ್ ಇರುವ ರೇಸ್‌ಕೋರ್ಸಿನ ಅಧಿಕೃತ ಬೆಟ್ಟಿಂಗನ್ನು ಮಾತ್ರ. ಹೊರಗಿನವನು ದುಡ್ಡು ಕೊಡದಿದ್ದರೆ ನೀವು ಯಾವ ಪೊಲೀಸ್ ಠಾಣೆಯ ಮೆಟ್ಟಿಲೂ ಹತ್ತುವಂತಿಲ್ಲ. ಸೋತರೆ ವಸೂಲಿಗೆ ಬರುವವರ ಮುಖ ನಮ್ಮ ಹೋಟೆಲಿನವರಿಗೆ ಗೊತ್ತಿಲ್ಲದ್ದೇನಲ್ಲ.

ನಿಮ್ಮಿಬ್ಬರಿಗೂ ನನ್ನದೊಂದು ಸಲಹೆ. ಬರುವ ಪುಣೆ ಸೀಸನ್ನಿನಲ್ಲಿ ಒಂದು ರೂಪಾಯಿಯನ್ನೂ ಹಾಕದೆ ಎರಡು ನೋಟ್‌ಬುಕ್ ಇಡಿ. ಅಳಿಯ ಹಿಂದಿನ ರಾತ್ರಿಯೇ ಪ್ರತಿ ಕುದುರೆಗೂ ಗೆಲ್ಲುವ ಸಾಧ್ಯತೆ ನೂರರಲ್ಲಿ ಎಷ್ಟು ಎಂದು ಬರೆಯಲಿ. ನೀವು ಪ್ಯಾಡಕ್ ನೋಡಿ, ಬೋರ್ಡಿನ ಕಡೆಗೆ ತಿರುಗುವ ಮೊದಲು, ನಿಮ್ಮ ಅಂಕಿ ಬರೆಯಿರಿ. ಇದೇ ಕಷ್ಟದ ಕೆಲಸ, ಬೋರ್ಡು ಕಂಡರೆ ಕಣ್ಣು ಕೆಡುತ್ತದೆ. ಆಮೇಲೆ ಟೋಟ್ ಕೊಟ್ಟ ಡಿವಿಡೆಂಡ್ ಪಕ್ಕದಲ್ಲಿರಲಿ, ತೆರಿಗೆಯನ್ನೂ ಕಳೆದಿರಲಿ. ಯಾವ ಕುದುರೆಗಳಲ್ಲಿ ನಿಮ್ಮ ಅಂಕಿಗೂ ಅವನ ಅಂಕಿಗೂ ಬಹಳ ಅಂತರವಿತ್ತೋ ಅವುಗಳಿಗೆ ಕೆಂಪು ಶಾಯಿಯಲ್ಲಿ ಗುರುತು ಹಾಕಿ, ನೀವು ಏನು ಕಂಡಿರಿ ಎಂದು ಒಂದು ಸಾಲು ಬರೆಯಿರಿ. ಅಳಿಯ ತನ್ನ ಪ್ರೋಗ್ರಾಮಿಗೆ ಸೇರಿಸಬೇಕಾದದ್ದು ಏನಾದರೂ ಇದ್ದರೆ ಅದು ಆ ಸಾಲುಗಳಲ್ಲೇ ಸಿಗಬೇಕು.

ಸೀಸನ್ ಮುಗಿದ ಮೇಲೆ ಎರಡೂ ನೋಟ್‌ಬುಕ್ ನನಗೆ ಕಳಿಸಿ. ಕೆಂಪು ಶಾಯಿಯ ಪುಟಗಳನ್ನು ಪತ್ರಿಕೆಯಲ್ಲಿ ಅಚ್ಚು ಹಾಕುತ್ತೇನೆ, ಯಾರ ಅಂಕಿ ಸರಿಯಾಗಿದ್ದರೂ ಸರಿಯೇ. ಐದು ಲಕ್ಷ ಅಲ್ಲಿಯವರೆಗೆ ಬ್ಯಾಂಕಿನಲ್ಲೇ ಇರಲಿ, ಆಮೇಲೆಯೂ ಅಲ್ಲೇ ಇರಲಿ.