ಸುರಂಗ ಕಟ್ಟಲು ನಕ್ಷೆಗಳಿದ್ದರೂ ಬಿಮ್ ಮಾದರಿ ಯಾಕೆ ಬೇಕು?

ಒಳಗೆ ಯಾವುದಕ್ಕೆ ಯಾವುದು ಅಡ್ಡ ಬರುತ್ತದೆ ಎಂಬುದು ಅಗೆಯುವ ಮೊದಲೇ ಗೊತ್ತಾಗಲಿ ಅಂತ. ಬಿಮ್ (ಬಿಲ್ಡಿಂಗ್ ಇನ್ಫರ್ಮೇಶನ್ ಮಾಡೆಲಿಂಗ್) ಎಂದರೆ ಪ್ರತಿ ಭಾಗದ ಮಾಹಿತಿಯೂ ಸೇರಿರುವ ಮೂರು ಆಯಾಮದ ಡಿಜಿಟಲ್ ಮಾದರಿ. ಕಾಗದದ ನಕ್ಷೆಯಲ್ಲಿ ಗಾಳಿ ಕೊಳವೆ ಬರೀ ಗೆರೆ. ಇಲ್ಲಿ ಅದಕ್ಕೆ ಗಾತ್ರ, ಜಾಗ ಎರಡೂ ಇರುತ್ತವೆ. ಸಿವಿಲ್, ವಿದ್ಯುತ್, ಸಿಗ್ನಲ್ ತಂಡಗಳ ಮಾದರಿಗಳನ್ನು ಒಟ್ಟಿಗೆ ಕೂರಿಸಿದಾಗ ಕೇಬಲ್ ಟ್ರೇ ಕೊಳವೆಗೆ ತಾಗುವುದು ಪರದೆಯಲ್ಲೇ ಕಾಣುತ್ತದೆ. ಮನೆಯಾದರೆ ಗೋಡೆ ಒಡೆದು ಸರಿಮಾಡಬಹುದು. ಕಾಂಕ್ರೀಟ್ ಉಂಗುರ ಕೂರಿಸಿದ ಸುರಂಗವನ್ನು ಆಮೇಲೆ ಅಗಲ ಮಾಡುವುದು ವಿಪರೀತ ಖರ್ಚಿನ, ಅಪಾಯದ ಕೆಲಸ.

ಲಂಡನ್ನಿನ ಕ್ರಾಸ್‌ರೈಲ್ ಎಂಬ ರೈಲು ಮಾರ್ಗ ಯೋಜನೆ ಬಿಮ್ ಅನ್ನು ದೊಡ್ಡ ಮಟ್ಟದಲ್ಲಿ ಬಳಸಿತು. ಅಲ್ಲಿ ಟಾಟನ್‌ಹ್ಯಾಮ್ ಕೋರ್ಟ್ ರೋಡ್ ನಿಲ್ದಾಣದ ಬಳಿ ಹೊಸ ಸುರಂಗ ಹಳೆಯ ನಾರ್ದರ್ನ್ ಲೈನ್ ಮೆಟ್ರೊ ಸುರಂಗದಿಂದ ಒಂದು ಮೀಟರಿಗೂ ಕಡಿಮೆ ಅಂತರದಲ್ಲಿ ಹಾದುಹೋಗಿದೆ. ಒಂದು ಮಾತು: ನೆಲದಡಿಯ ಹಳೆಯ ಪೈಪುಗಳ ಸರ್ವೆಯೇ ತಪ್ಪಾಗಿದ್ದರೆ ಮಾದರಿಯೂ ತಪ್ಪೇ. ಹಾಗಾಗಿ ಸಾಫ್ಟ್‌ವೇರ್‌ಗಿಂತ ಮೊದಲು ಸರ್ವೆಗೆ ದುಡ್ಡು ಹಾಕಬೇಕು.