ಪಿಕಪ್‌ಗೆ ಮೂರು ಟ್ಯೂನ್ ಫೈಲ್ ಕೊಟ್ಟಿದ್ದಾರೆ, ಡ್ರ್ಯಾಗ್ ಸ್ಟ್ರಿಪ್‌ನಲ್ಲಿ ಓಡಿಸಿದರೆ ಯಾವುದು ಒಳ್ಳೆಯದು ಅಂತ ಗೊತ್ತಾಗುತ್ತಾ?

ಗೊತ್ತಾಗುತ್ತದೆ. ಆದರೆ ನೀವು ಅಂದುಕೊಂಡಿರುವ ನಂಬರಿನಿಂದ ಅಲ್ಲ.

ನಿಮ್ಮ ಪ್ರಶ್ನೆ ಇಷ್ಟು: ಸಕಲೇಶಪುರದಲ್ಲಿದ್ದೀರಿ, ಇಸುಝು ವಿ-ಕ್ರಾಸ್ 1.9 ಮ್ಯಾನುಯಲ್ ಪಿಕಪ್ ಇದೆ, ಟ್ಯೂನರ್ ಮೂರು ಫೈಲ್, ಅಂದರೆ ಎಂಜಿನ್ ಕಂಪ್ಯೂಟರಿಗೆ ಹಾಕುವ ಮೂರು ಬೇರೆ ಬೇರೆ ಸೆಟ್ಟಿಂಗ್, ಕೊಟ್ಟಿದ್ದಾರೆ. ಒಂದು ಮೈಲೇಜಿಗೆ, ಒಂದು ದಿನದ ಓಡಾಟಕ್ಕೆ, ಇನ್ನೊಂದು ಫುಲ್ ಪವರ್. ಅಮೆರಿಕದವರು ಡ್ಯುರಾಮ್ಯಾಕ್ಸ್, ಕಮಿನ್ಸ್ ಎಂಜಿನ್ನಿನ ಪಿಕಪ್‌ಗಳನ್ನು ಸ್ಟ್ರಿಪ್‌ಗೆ ತಗೊಂಡು ಹೋಗಿ, ಟ್ಯೂನ್ ಬದಲಾಯಿಸಿ ಬದಲಾಯಿಸಿ ಓಡಿಸುವ ವಿಡಿಯೋ ನೋಡಿದ್ದೀರಿ. ನಾವೂ ಹಾಗೆ ಮಾಡಬಹುದಾ ಅಂತ ಕೇಳಿದ್ದೀರಿ. ನಾನು ಮೂಡಿಗೆರೆ ಕಡೆಯವನು. ತೋಟದ ಕೆಲಸಕ್ಕೆ ಇಟ್ಟುಕೊಂಡಿರುವುದೂ ಇದೇ ಗಾಡಿ, ರೀಮ್ಯಾಪ್ ಮಾಡಿಸಿರುವುದೂ ಇದನ್ನೇ, ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಸ್ಟ್ರಿಪ್ ಅಂದರೆ ನೇರ ಓಟದ ಟ್ರ್ಯಾಕ್, ಉದ್ದ ಕಾಲು ಮೈಲಿ, 402 ಮೀಟರ್. ಓಡಿಸಿ ಬಂದ ಮೇಲೆ ಕೈಗೆ ಒಂದು ಚೀಟಿ ಬರುತ್ತದೆ. ಎಲ್ಲರ ಕಣ್ಣೂ ಮೊದಲು ಹೋಗುವುದು ಒಟ್ಟು ಎಷ್ಟು ಸೆಕೆಂಡ್ ಅನ್ನುವುದಕ್ಕೆ. ರೇಸ್ ಗೆಲ್ಲುವವನಿಗೆ ಅದು ಬೇಕು, ಟ್ಯೂನ್ ಟೆಸ್ಟ್ ಮಾಡುವವನಿಗೆ ಅದರಿಂದ ಮೋಸವೇ ಜಾಸ್ತಿ. ಯಾಕೆ ಅಂದರೆ ಆ ಸೆಕೆಂಡಿನಲ್ಲಿ ಎಂಜಿನ್ ಮಾತ್ರ ಇಲ್ಲ, ನಿಮ್ಮ ಎಡಗಾಲು, ಹಿಂದಿನ ಟೈರು, ಗೇರ್ ಹಾಕುವ ಕೈ ಎಲ್ಲಾ ಸೇರಿಕೊಂಡಿವೆ. ಮ್ಯಾನುಯಲ್ ಗಾಡಿಯಲ್ಲಿ ಕಾಲು ಮೈಲಿ ಮುಗಿಯುವಷ್ಟರಲ್ಲಿ ಮೂರು ಸಲ ಗೇರ್ ಬದಲಾಯಿಸುತ್ತೀರಿ. ಒಂದೊಂದರಲ್ಲೂ 0.2 ಸೆಕೆಂಡ್ ಹೆಚ್ಚು ಕಮ್ಮಿ ಆದರೆ ಅಲ್ಲೇ 0.6 ಸೆಕೆಂಡ್ ಹೋಯಿತು. ಎರಡು ಟ್ಯೂನ್‌ಗಳ ನಡುವಿನ ವ್ಯತ್ಯಾಸ ಎಷ್ಟೋ ಸಲ ಅಷ್ಟು ಕೂಡ ಇರುವುದಿಲ್ಲ.

ಖಾಲಿ ಪಿಕಪ್ಪಿನ ಹಿಂಭಾಗ ಹಗುರ, ಅದರಲ್ಲೂ ಲೀಫ್ ಸ್ಪ್ರಿಂಗ್. ಟಾರ್ಕ್ ಜಾಸ್ತಿ ಮಾಡಿದ ಫೈಲ್ ಹಾಕಿ 2ಎಚ್‌ನಲ್ಲಿ (ಹಿಂದಿನ ಎರಡು ಚಕ್ರಕ್ಕೆ ಮಾತ್ರ ಪವರ್ ಹೋಗುವಾಗ) ಕ್ಲಚ್ ಬಿಟ್ಟರೆ ಹಿಂದಿನ ಚಕ್ರ ಸುಮ್ನೆ ತಿರುಗುತ್ತದೆ, ಗಾಡಿ ಅಲ್ಲೇ ಕುಣಿಯುತ್ತದೆ. ಚೀಟಿಯಲ್ಲಿ ಮೊದಲ 60 ಅಡಿಗೆ, ಅಂದರೆ ಸುಮಾರು 18 ಮೀಟರಿಗೆ, ಹಿಡಿದ ಸಮಯ ಬೇರೆಯಾಗಿ ಇರುತ್ತದೆ, ಅದನ್ನು ನೋಡಿದರೆ ಈ ಕಥೆ ತಿಳಿಯುತ್ತದೆ. ಅಲ್ಲಿ ಕೆಟ್ಟರೆ ಕೊನೆಯ ಸೆಕೆಂಡ್ ಕೂಡ ಕೆಡುತ್ತದೆ. ಆಗ 'ಫುಲ್ ಪವರ್ ಫೈಲ್ ನಿಧಾನ' ಅಂತ ಬರೆದುಕೊಂಡು ಮನೆಗೆ ಬರುತ್ತೀರಿ. ಇನ್ನೊಂದು ವಿಷಯ, ಹಸಿರು ದೀಪ ನೋಡಿ ನೀವು ಎಷ್ಟು ಬೇಗ ಹೊರಟಿರಿ ಅನ್ನುವುದು ಈ ಸೆಕೆಂಡಿನಲ್ಲಿ ಸೇರುವುದಿಲ್ಲ. ಮುಂದಿನ ಟೈರು ಬೆಳಕಿನ ಗೆರೆ ಬಿಟ್ಟಾಗಲೇ ಗಡಿಯಾರ ಶುರು. ಹಾಗಾಗಿ ದೀಪಕ್ಕೆ ಗಾಬರಿಯಾಗಿ ಹಾರುವ ಅಗತ್ಯವೇ ಇಲ್ಲ, ಆರಾಮಾಗಿ ಹೊರಡಿ.

ನೋಡಬೇಕಾಗಿರುವುದು ಕೊನೆಯ ಸ್ಪೀಡ್. ಕೊನೆಯ 66 ಅಡಿಯ, ಅಂದರೆ ಸುಮಾರು 20 ಮೀಟರಿನ, ಸರಾಸರಿ ವೇಗ ಅದು. ಹೊರಡುವಾಗ ಸ್ವಲ್ಪ ಎಡವಿದರೂ ಈ ನಂಬರ್ ಅಷ್ಟಾಗಿ ಅಲ್ಲಾಡುವುದಿಲ್ಲ, ಎಂಜಿನ್ ಎಷ್ಟು ತಳ್ಳಿತು ಅನ್ನುವುದನ್ನು ಅದು ಹೆಚ್ಚು ಕಡಿಮೆ ನೇರವಾಗಿಯೇ ಹೇಳುತ್ತದೆ. ಡ್ರ್ಯಾಗ್ ರೇಸಿನವರ ಹಳೆಯ ಲೆಕ್ಕ ಒಂದಿದೆ: ತೂಕ ಅಷ್ಟೇ ಇದ್ದರೆ ಪವರ್ ಏರುವುದು ಸ್ಪೀಡಿನ ಘನದ ಹಾಗೆ. ಅಂದರೆ ಸ್ಪೀಡ್ ಶೇ 1ರಷ್ಟು ಏರಿದರೆ ಪವರ್ ಸುಮಾರು ಶೇ 3ರಷ್ಟು ಏರಿದೆ ಅಂತ. ನೀವು ಕೂತ ಮೇಲೆ ಎರಡು ಟನ್ ತೂಗುವ ಗಾಡಿ, ಚಕ್ರದ ಹತ್ತಿರ 120 ಎಚ್‌ಪಿ ಸಿಗುತ್ತಿದೆ ಅಂತ ಇಟ್ಟುಕೊಳ್ಳಿ. ಲೆಕ್ಕದ ಪ್ರಕಾರ ಸ್ಪೀಡ್ 113 ಕಿಮೀ ಹತ್ತಿರ, ಸಮಯ 19 ಸೆಕೆಂಡಿನ ಮೇಲೆ. ಟ್ಯೂನ್ ಹಾಕಿದ ಮೇಲೆ 116 ಬಂದರೆ ಸುಮಾರು 10 ಎಚ್‌ಪಿ ಸೇರಿದೆ. 118 ಬಂದರೆ 16ರ ಆಸುಪಾಸು. ಯಾರಾದರೂ '40 ಎಚ್‌ಪಿ ಜಾಸ್ತಿ ಆಗಿದೆ ಸಾರ್' ಅಂದರೆ ಇದೇ ಗಾಡಿ 124ರ ಹತ್ತಿರ ದಾಟಬೇಕು. ದಾಟದಿದ್ದರೆ ಆ 40ರಲ್ಲಿ ಒಂದಿಷ್ಟು ಕಾಗದದ ಮೇಲೆ ಮಾತ್ರ ಇದೆ ಅಂತ ಅರ್ಥ, ಅಲ್ವಾ?

ಗಮನಿಸಿ, ಮೂರು ಕಿಮೀ ವ್ಯತ್ಯಾಸ ಅಂದರೆ ಬಹಳ ಸಣ್ಣದು. ಎದುರು ಗಾಳಿ ಬೀಸಿದರೂ ಅಷ್ಟು ಆಚೀಚೆ ಆಗಬಹುದು. ಅದಕ್ಕೆ ಒಂದೊಂದು ಫೈಲಿಗೆ ಒಂದೊಂದು ಓಟ ಓಡಿಸಿ ತೀರ್ಪು ಕೊಡಬೇಡಿ. ಮೊದಲು ಗಾಡಿಯ ಜೊತೆ ಬಂದ ಕಂಪನಿ ಫೈಲ್, ಆಮೇಲೆ ಟ್ಯೂನ್, ಮತ್ತೆ ಕಂಪನಿ ಫೈಲ್. ಮೊದಲ ಮತ್ತು ಕೊನೆಯ ಓಟದ ಸ್ಪೀಡ್ ಒಂದೇ ಇದ್ದರೆ ಮಾತ್ರ ನಡುವಿನದ್ದನ್ನು ನಂಬಬಹುದು. ಬೇರೆ ಬೇರೆ ಬಂದರೆ ಬದಲಾಗಿರುವುದು ಫೈಲ್ ಒಂದೇ ಅಲ್ಲ, ಗಾಳಿಯೋ ಶಾಖವೋ ಕೂಡ ಬದಲಾಗಿದೆ. ವಿಡಿಯೋ ಮಾಡುವವರಲ್ಲಿ ಬಹಳ ಜನ ಬಿಡುವುದು ಈ ಮೂರನೇ ಓಟವನ್ನೇ, ಟ್ಯೂನ್ ಮಾರುವವರಂತೂ ಆ ಮಾತೇ ಎತ್ತುವುದಿಲ್ಲ.

ಶಾಖದ ವಿಷಯದಲ್ಲಿ ಟರ್ಬೊ ಡೀಸೆಲ್ ಬಹಳ ಕಿರಿಕಿರಿ. ಒಂದು ಓಟ ಮುಗಿಸಿ ಲೈನಿನಲ್ಲಿ ನಿಂತಾಗ ಟರ್ಬೊದಿಂದ ಬರುವ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಕಾದು ಕೂತಿರುತ್ತದೆ, ಮುಂದಿನ ಓಟಕ್ಕೆ ಬಿಸಿ ಗಾಳಿಯೇ ಒಳಗೆ ಹೋಗುತ್ತದೆ. ಬಿಸಿ ಗಾಳಿ ತೆಳು. ಸುಮಾರು 3 ಡಿಗ್ರಿ ಏರಿದರೆ ಗಾಳಿಯ ಸಾಂದ್ರತೆ ಶೇ 1ರಷ್ಟು ಇಳಿಯುತ್ತದೆ. ಬೆಳಿಗ್ಗೆ ತಂಪಿನಲ್ಲಿ ಟ್ಯೂನ್ ಓಡಿಸಿ, ಮಧ್ಯಾಹ್ನ ಬಿಸಿಲಲ್ಲಿ ಕಂಪನಿ ಫೈಲ್ ಓಡಿಸಿದರೆ ಟ್ಯೂನ್ ಗೆದ್ದೇ ಗೆಲ್ಲುತ್ತದೆ. ಪ್ರತಿ ಓಟಕ್ಕೂ ಒಂದೇ ಅಂತರ ಬಿಡಿ, ಬಾನೆಟ್ ತೆರೆದಿಡಿ, ಎಂಜಿನ್ ಕಂಪ್ಯೂಟರಿನ ಅಂಕಿ ತೋರಿಸುವ ಒಬಿಡಿ ರೀಡರ್‌ನಲ್ಲಿ ಒಳಹೋಗುವ ಗಾಳಿಯ ಟೆಂಪರೇಚರ್ ಒಂದೇ ಮಟ್ಟಕ್ಕೆ ಇಳಿದ ಮೇಲೆ ಹೊರಡಿ. ಟೈರಿನ ಗಾಳಿ, ಟ್ಯಾಂಕಿನ ಡೀಸೆಲ್ ಎರಡೂ ಎಲ್ಲಾ ಓಟಕ್ಕೂ ಒಂದೇ ಇರಲಿ, 40 ಲೀಟರ್ ಡೀಸೆಲ್ ಅಂದರೆ 33 ಕೆಜಿ. ಟ್ರೇಯಲ್ಲಿ ಸಲಿಕೆ, ಜಾಕಿ, ಮರೆತುಹೋದ ಯೂರಿಯಾ ಮೂಟೆ ಇದ್ದರೆ ಇಳಿಸಿ. ನಮ್ಮ ಕಡೆ ಕೆಲವರು ಹಿಂದಿನ ಚಕ್ರಕ್ಕೆ ಹಿಡಿತ ಬರಲಿ ಅಂತ ಮೂಟೆ ಹೇರಿಕೊಂಡೇ ಓಡಿಸೋಣ ಅನ್ನುತ್ತಾರೆ. ಬೇಡ. ಕಟ್ಟದೆ ಇಟ್ಟ ಮೂಟೆ ಬ್ರೇಕ್ ಹೊಡೆದಾಗ ಎಲ್ಲಿಗೆ ಬರುತ್ತದೆ ಯೋಚಿಸಿ. ಹಿಡಿತ ಬೇಕಾದರೆ ನಾಲ್ಕೂ ಚಕ್ರಕ್ಕೆ ಪವರ್ ಹೋಗುವ 4ಎಚ್ ಹಾಕಿ ನೇರಕ್ಕೆ ಓಡಿಸಿ, ಗೆರೆ ದಾಟಿ ನಿಧಾನ ಮಾಡಿದ ಮೇಲೆ, ತಿರುಗಿಸುವ ಮೊದಲು 2ಎಚ್‌ಗೆ ತನ್ನಿ. ಒಣ ಡಾಂಬರಿನಲ್ಲಿ 4ಎಚ್‌ನಲ್ಲೇ ಸ್ಟೇರಿಂಗ್ ಪೂರ್ತಿ ತಿರುಗಿಸಿದರೆ ಮುಂದೆ ಹಿಂದೆ ಪವರ್ ಹಂಚುವ ಟ್ರಾನ್ಸ್‌ಫರ್ ಕೇಸ್ ಬಿಗಿದುಕೊಳ್ಳುತ್ತದೆ. ಮತ್ತೆ, ಎಲ್ಲಾ ಓಟವೂ 4ಎಚ್‌ನಲ್ಲೇ ಇರಲಿ ಅಥವಾ ಎಲ್ಲವೂ 2ಎಚ್‌ನಲ್ಲೇ ಇರಲಿ, ಬೆರೆಸಬೇಡಿ.

ಈಗ ನಮ್ಮ ಊರಿನ ಎತ್ತರದ ವಿಷಯ. ಇದನ್ನು ತಗ್ಗು ಪ್ರದೇಶದ ಟ್ಯೂನರ್ ಹೇಳುವುದು ಕಡಿಮೆ. ಹಾಸನ ಸಮುದ್ರಮಟ್ಟದಿಂದ ಸಾವಿರ ಮೀಟರಿಗೆ ಸ್ವಲ್ಪ ಕಡಿಮೆ, ಚಿಕ್ಕಮಗಳೂರು ಸಾವಿರ ದಾಟುತ್ತದೆ. ಅಲ್ಲಿ ಗಾಳಿಯ ಒತ್ತಡ ಶೇ 11ರಷ್ಟು ಕಡಿಮೆ. ಟರ್ಬೊ ಇಲ್ಲದ ಎಂಜಿನ್ ಆದರೆ ಸೀದಾ ಪವರ್ ಕಳೆದುಕೊಳ್ಳುತ್ತದೆ. ಟರ್ಬೊ ಇದ್ದರೆ ಇಸಿಯು (ಎಂಜಿನ್ ಕಂಪ್ಯೂಟರ್) ಒಳಗಿನ ಒತ್ತಡ ನೋಡಿಕೊಂಡು ಟರ್ಬೊವನ್ನು ಇನ್ನೂ ಜೋರಾಗಿ ತಿರುಗಿಸಿ ಕೊರತೆ ತುಂಬುತ್ತದೆ. ಕಂಪನಿ ಫೈಲ್‌ನಲ್ಲಿ ಅದಕ್ಕೆ ಜಾಗ ಬಿಟ್ಟಿರುತ್ತಾರೆ. ಸಮುದ್ರಮಟ್ಟದಲ್ಲಿ 1.5 ಬಾರ್ ಬೂಸ್ಟ್ (ಹೊರಗಿನ ಗಾಳಿಗಿಂತ ಮೇಲಿನ ಒತ್ತಡ) ಕೇಳುವ ಫೈಲ್ ಅಂದುಕೊಳ್ಳಿ, ಒಳಗೆ ಒಟ್ಟು 2.5 ಬಾರ್, ಹೊರಗೆ 1, ಟರ್ಬೊ ಎರಡೂವರೆ ಪಟ್ಟು ಒತ್ತಬೇಕು. ಅದೇ 2.5 ಬಾರನ್ನು ಮೂಡಿಗೆರೆಯಲ್ಲಿ ಕೇಳಿದರೆ ಹೊರಗೆ 0.9 ಮಾತ್ರ, 2.8 ಪಟ್ಟು ಒತ್ತಬೇಕು. ಟರ್ಬೊ ಅಷ್ಟು ವೇಗಕ್ಕೆ ಏರುತ್ತದೆ, ಗಾಳಿ ಇನ್ನೂ ಬಿಸಿಯಾಗುತ್ತದೆ. ಹಾಗಾಗಿ ಚೆನ್ನೈ ಕಡೆಯ ಟ್ರ್ಯಾಕ್‌ನಲ್ಲಿ ಚೆನ್ನಾಗಿ ಓಡಿದ ಫುಲ್ ಪವರ್ ಫೈಲ್ ನಮ್ಮ ತೋಟಕ್ಕೂ ಸೇಫ್ ಅಂತ ಅಂದುಕೊಳ್ಳಬೇಡಿ. ಎತ್ತರಕ್ಕೆ ತಕ್ಕಂತೆ ಬೂಸ್ಟ್ ಇಳಿಸುವ ಮ್ಯಾಪನ್ನು ಹಾಗೇ ಬಿಟ್ಟಿದ್ದೀರಾ, ತೆಗೆದಿದ್ದೀರಾ ಅಂತ ಟ್ಯೂನರ್‌ನ ಕೇಳಿ. ತಡವರಿಸಿದರೆ ಆ ಫೈಲ್ ಬೇಡ.

ಇನ್ನು ಹೊಗೆ. ಹಳೆ ಡೀಸೆಲ್ ಗಾಡಿಗಳಲ್ಲಿ ಡೀಸೆಲ್ ಜಾಸ್ತಿ, ಗಾಳಿ ಕಡಿಮೆ ಆದರೆ ಹಿಂದೆ ಕರಿ ಹೊಗೆ ಕಾಣುತ್ತಿತ್ತು, ಎಲ್ಲರಿಗೂ ಗೊತ್ತಾಗುತ್ತಿತ್ತು. ನಿಮ್ಮದು ಬಿಎಸ್6, ಹೊಗೆಯ ಮಸಿ ಹಿಡಿಯುವ ಫಿಲ್ಟರ್, ಅಂದರೆ ಡಿಪಿಎಫ್, ಇದೆ. ಮಸಿಯನ್ನು ಅದು ನುಂಗಿಬಿಡುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ಹೊಗೆಯೇ ಇಲ್ಲ, ಟ್ಯೂನ್ ಕ್ಲೀನ್ ಅಂತ ಖುಷಿಪಟ್ಟರೆ, ಕೆಲವು ವಾರಗಳ ಮೇಲೆ ರೀಜನರೇಶನ್, ಅಂದರೆ ಫಿಲ್ಟರಿನ ಮಸಿ ಸುಡುವ ಕೆಲಸ, ಪದೇ ಪದೇ ಬರಲು ಶುರುವಾಗುತ್ತದೆ. ಟ್ಯೂನ್ ಹಾಕುವ ಮೊದಲು ಎಷ್ಟು ಕಿಲೋಮೀಟರಿಗೊಮ್ಮೆ ರೀಜನ್ ಆಗುತ್ತಿತ್ತು ಅಂತ ಬರೆದಿಟ್ಟುಕೊಳ್ಳಿ, ಟ್ಯೂನ್ ಹಾಕಿದ ಮೇಲಿನ ಲೆಕ್ಕದ ಜೊತೆ ಹೋಲಿಸಿ. ನನ್ನ ಪ್ರಕಾರ ಸ್ಟ್ರಿಪ್ಪಿನ ಚೀಟಿಗಿಂತ ಈ ಲೆಕ್ಕಕ್ಕೇ ಬೆಲೆ ಜಾಸ್ತಿ. ಓಟದ ನಡುವೆ ರೀಜನ್ ಶುರುವಾದರೆ ಆ ಓಟವನ್ನು ಲೆಕ್ಕಕ್ಕೆ ತಗೊಳ್ಳಬೇಡಿ. ಡಿಪಿಎಫ್ ಕಿತ್ತು ಹಾಕಿ ಅನ್ನುವ ಸಲಹೆ ಯಾರಾದರೂ ಕೊಟ್ಟೇ ಕೊಡುತ್ತಾರೆ, ಅದು ಕಾನೂನಿಗೆ ವಿರುದ್ಧ. ಟ್ಯೂನ್ ಹಾಕಿದರೆ ವಾರಂಟಿಯೂ ಹೋಗುತ್ತದೆ, ಅದು ನಿಮಗೆ ಗೊತ್ತಿರಬೇಕು.

ಎಲ್ಲಿ ಓಡಿಸುವುದು? ನಮ್ಮ ಎರಡೂ ಜಿಲ್ಲೆಯಲ್ಲಿ ಡ್ರ್ಯಾಗ್ ಸ್ಟ್ರಿಪ್ ಇಲ್ಲ. ರ್ಯಾಲಿ ಅಂದರೆ ಚಿಕ್ಕಮಗಳೂರಿನವರಿಗೆ ಹೇಳಿಕೊಡಬೇಕಾಗಿಲ್ಲ, ಆದರೆ ಅದು ಕಾಫಿ ತೋಟದ ನಡುವಿನ ಮಣ್ಣಿನ ದಾರಿ, ಅಲ್ಲಿ ಟ್ಯೂನಿಗಿಂತ ಡ್ರೈವರ್ ಮುಖ್ಯ. ಕಾಲು ಮೈಲಿ ಬೇಕಾದರೆ ಚೆನ್ನೈ ಹತ್ತಿರ ಇರುಂಗಾಟ್ಟುಕೋಟ್ಟೈ ಟ್ರ್ಯಾಕ್‌ನಲ್ಲಿ ಡ್ರ್ಯಾಗ್ ರೇಸ್ ನಡೆದಿವೆ, ಹಾಸನದಿಂದ ಸುಮಾರು 500 ಕಿಮೀ. ಲೋನಾವಳ ಹತ್ತಿರ ಆಂಬಿ ವ್ಯಾಲಿ ಏರ್‌ಸ್ಟ್ರಿಪ್‌ನಲ್ಲಿ ವ್ಯಾಲಿ ರನ್ ಅನ್ನುವ ಡ್ರ್ಯಾಗ್ ಇವೆಂಟ್ ನಡೆಯುತ್ತಾ ಬಂದಿದೆ, ಅದು ಇನ್ನೂ ದೂರ. ಅಷ್ಟು ದೂರ ಹೋದರೂ ಇವೆಂಟ್ ದಿನ ಜನ ಜಾಸ್ತಿ, ಬೇಕಾದಷ್ಟು ಸಲ ಓಡಿಸಲು ಬಿಡುವುದಿಲ್ಲ, ಮೂರು ಫೈಲ್ ಹಾಕಿ ಹಾಕಿ ತೆಗೆಯುವ ನಿಮ್ಮ ಕೆಲಸ ಅಲ್ಲಿ ಆಗುವುದು ಕಷ್ಟ. ಹೋಗಿ ಬನ್ನಿ, ಮಜಾ ಇರುತ್ತದೆ, ಟೆಸ್ಟಿಂಗ್ ಅಂತ ಮಾತ್ರ ಹೋಗಬೇಡಿ. ಹಾಸನದ ಬೈಪಾಸು, ಕಡೂರು ರಸ್ತೆ ಬೆಳಗಿನ ಜಾವ ಖಾಲಿ ಇರುತ್ತದಲ್ಲಾ ಅಂತ ಯಾರಾದರೂ ಹೇಳಬಹುದು. ಹಾಲಿನ ಗಾಡಿ, ದನ, ಕತ್ತಲಲ್ಲಿ ಕೆಲಸಕ್ಕೆ ಹೊರಟ ಹೆಂಗಸರು ಅದೇ ಹೊತ್ತಿಗೆ ರಸ್ತೆಯಲ್ಲಿರುತ್ತಾರೆ. ಜೊತೆಗೆ ಇನ್ನೊಂದು ಗಾಡಿ ಇಟ್ಟುಕೊಂಡು ಪಂದ್ಯ ಕಟ್ಟಿದರಂತೂ ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ ಇದೆ, ದಂಡದ ಜೊತೆ ಜೈಲೂ ಆಗಬಹುದು.

ನಾನಾದರೆ ಡೈನೊಗೆ ಹೋಗುತ್ತೇನೆ. ಬೆಂಗಳೂರಿನಲ್ಲಿ ಚಕ್ರ ಉರುಳೆಯ ಮೇಲೆ ನಿಲ್ಲಿಸಿ ಪವರ್ ಅಳೆಯುವ ಗ್ಯಾರೇಜ್‌ಗಳಿವೆ. ಕಂಪನಿ ಫೈಲ್, ಟ್ಯೂನ್, ಮತ್ತೆ ಕಂಪನಿ ಫೈಲ್, ಎಲ್ಲಾ ಒಂದೇ ಮಧ್ಯಾಹ್ನ ಮುಗಿಯುತ್ತದೆ. ಬೆಂಗಳೂರೂ ಹೆಚ್ಚು ಕಡಿಮೆ ನಮ್ಮ ಎತ್ತರದಲ್ಲೇ ಇರುವುದು ಇನ್ನೊಂದು ಅನುಕೂಲ. ನಂಬರ್ ದೊಡ್ಡದಾ ಅಂತ ನೋಡಬೇಡಿ, ಒಂದು ಡೈನೊದ ನಂಬರ್ ಇನ್ನೊಂದಕ್ಕೆ ಹೊಂದುವುದಿಲ್ಲ. ಅದೇ ಯಂತ್ರದಲ್ಲಿ ಎಷ್ಟು ಏರಿತು ಅನ್ನುವುದಷ್ಟೇ ಲೆಕ್ಕ. ಅಲ್ಲಿರುವಾಗಲೇ ಎಕ್ಸಾಸ್ಟ್ ಟೆಂಪರೇಚರ್ ಲಾಗ್ ಕೇಳಿ ತಗೊಳ್ಳಿ. ಟರ್ಬೊಗಿಂತ ಮುಂಚಿನ ಅಳತೆ 700 ಡಿಗ್ರಿಯ ಆಸುಪಾಸಿನಲ್ಲೇ ತುಂಬಾ ಹೊತ್ತು ನಿಂತರೆ ನನಗೆ ಇಷ್ಟವಾಗುವುದಿಲ್ಲ. ಕಾಲು ಮೈಲಿ 20 ಸೆಕೆಂಡಿನಲ್ಲಿ ಮುಗಿಯುತ್ತದೆ, ಅಷ್ಟರಲ್ಲಿ ಲೋಹ ಪೂರ್ತಿ ಕಾಯುವುದೇ ಇಲ್ಲ. ಶಿರಾಡಿ ಘಾಟಿಯಲ್ಲಿ ಲೋಡ್ ಹಾಕಿಕೊಂಡು ಮೂರನೇ ಗೇರಿನಲ್ಲಿ ಹತ್ತುವಾಗ ನಿಮಿಷಗಟ್ಟಲೆ ಅದೇ ಶಾಖ ಕೂತಿರುತ್ತದೆ. ಸ್ಟ್ರಿಪ್‌ನಲ್ಲಿ ಗೆದ್ದ ಫೈಲ್ ಘಾಟಿಯಲ್ಲಿ ಪಿಸ್ಟನ್ ತಿನ್ನುವುದು ಹೀಗೆ.

ನಿಮ್ಮ ಮೂರರಲ್ಲಿ ದಿನದ ಓಡಾಟದ ಫೈಲ್ ಹಾಕಿ, ಫುಲ್ ಪವರನ್ನು ಪೆನ್‌ಡ್ರೈವ್‌ನಲ್ಲೇ ಬಿಡಿ. ಹಾಕಿದ ಮೇಲೆ ಒಂದು ಪರೀಕ್ಷೆ: ಖಾಲಿ ಏರಿನಲ್ಲಿ ಐದನೇ ಗೇರ್, 1,800 ಆರ್‌ಪಿಎಂ, ಆಕ್ಸಿಲರೇಟರ್ ಪೂರ್ತಿ ಒತ್ತಿ. ಆರ್‌ಪಿಎಂ ಮುಳ್ಳು ಹಾರಿ, ಸ್ಪೀಡ್ ಮುಳ್ಳು ಹಿಂದೆ ಉಳಿದರೆ ಕ್ಲಚ್ ಜಾರುತ್ತಿದೆ. ಆಗ ಟ್ಯೂನರ್‌ಗೆ ಫೋನ್ ಮಾಡಿ ಟಾರ್ಕ್ ಇಳಿಸಿಕೊಡಿ ಅನ್ನಿ, ಇಲ್ಲದಿದ್ದರೆ ಕ್ಲಚ್ ಸೆಟ್ಟಿನ ರೇಟ್ ವಿಚಾರಿಸಿಟ್ಟುಕೊಳ್ಳಿ.